ಲೋಕಲ್‌ನಲ್ಲಿ ಶೆಲ್ ಸಿಗುತ್ತದೆ, ರಿಮೋಟ್‌ನಲ್ಲಿ ಬರೀ ಇಒಎಫ್. ತಲೆ ಕೆಟ್ಟು ಹೋಗಿದೆ

ಬಫರ್_ಬೋರ
ಕಾಲೇಜು ಹುಡುಗರ ಸಿಟಿಎಫ್‌ನಲ್ಲಿ (ಹ್ಯಾಕಿಂಗ್ ಸ್ಪರ್ಧೆ) ಬಂದಿದ್ದ ಪ್ವನ್ ಪ್ರಾಬ್ಲಮ್, ಅಂದರೆ ಪ್ರೋಗ್ರಾಮ್‌ನ ತಪ್ಪು ಹಿಡಿದು ಶೆಲ್ (ಕಮಾಂಡ್ ಓಡಿಸೋ ಹಿಡಿತ) ಪಡೆಯೋದು. ರೆಟ್‌ಟುಲಿಬ್‌ಸಿ (ಸ್ಟ್ಯಾಕ್ ಮೇಲಿನ ರಿಟರ್ನ್ ಅಡ್ರೆಸ್ ಬದಲಿಸಿ ಸಿ ಲೈಬ್ರರಿಯಾದ ಲಿಬ್‌ಸಿಯ ಫಂಕ್ಷನ್‌ಗೆ ಜಿಗಿಯೋದು), 64 ಬಿಟ್. ನನ್ನ ಲ್ಯಾಪ್‌ಟಾಪ್‌ನಲ್ಲಿ ಎಷ್ಟು ಸಲ ಓಡಿಸಿದರೂ ಶೆಲ್ ಸಿಗುತ್ತದೆ. ಅದೇ ಸ್ಕ್ರಿಪ್ಟ್ ಸರ್ವರ್ ಮೇಲೆ ಬಿಟ್ಟರೆ 'ಗಾಟ್ ಇಒಎಫ್' ಅಂತ ಬಂದು ಕನೆಕ್ಷನ್ ಕಟ್. ಒಂದಕ್ಷರ ಬದಲಾಯಿಸಿಲ್ಲ ಸ್ವಾಮಿ! ಸರ್ವರೇ ಹಾಳಾಗಿದೆ ಅಂತ ನನಗೆ ಗುಮಾನಿ. ಯಾರಿಗಾದರೂ ಹೀಗಾಗಿದೆಯಾ?

ಸ್ಟ್ಯಾಕ್_ಸೋಮಾರಿ
ಮೂವಾಪ್ಸ್. ಕಣ್ಣು ಮುಚ್ಚಿಕೊಂಡು ಹೇಳ್ತೀನಿ.

ಉಬುಂಟು 18.04 ಬಂದಾಗಿನಿಂದ ಇದೇ ಗೋಳು. ಶೆಲ್ ತೆಗೆಯೋಕೆ ಕರೆಯೋ ಲಿಬ್‌ಸಿಯ ಸಿಸ್ಟಮ್ ಫಂಕ್ಷನ್ ಒಳಗೆ ಮೂವಾಪ್ಸ್ ಇನ್‌ಸ್ಟ್ರಕ್ಷನ್ ಇದೆ. ಸ್ಟ್ಯಾಕ್ 16 ಬೈಟ್‌ಗೆ ಅಲೈನ್ ಆಗಿಲ್ಲ ಅಂದರೆ ಅಲ್ಲೇ ಸೆಗ್‌ಫಾಲ್ಟ್. ಸಿಸ್ಟಮ್‌ಗೆ ಆರ್ಗ್ಯುಮೆಂಟ್ ತುಂಬಿಸೋ ಪಾಪ್ ಆರ್‌ಡಿಐಗಿಂತ ಮುಂಚೆ ಒಂದು ಖಾಲಿ ರೆಟ್ ಗ್ಯಾಜೆಟ್ (ಮೊದಲೇ ಇರೋ ಕೋಡ್ ತುಣುಕು) ಹಾಕು, ಮುಗೀತು.

ಬಫರ್_ಬೋರ
ರೆಟ್ ಹಾಕಿದ್ದೀನಿ ಗುರು. ಹಾಕಿದರೂ ಇಒಎಫ್, ತೆಗೆದರೂ ಇಒಎಫ್.

ಸ್ಟ್ಯಾಕ್_ಸೋಮಾರಿ
ಹಾಗಾದರೆ ಎರಡು ಹಾಕಿರ್ತೀಯ. ಒಂದು ರೆಟ್‌ಗೆ 8 ಬೈಟ್. ಎರಡು ಹಾಕಿದರೆ 16, ಮತ್ತೆ ಮೊದಲಿನ ಜಾಗಕ್ಕೇ ಬಂದು ನಿಲ್ತೀಯ.

ಬಫರ್_ಬೋರ
ಒಂದೇ ಹಾಕಿರೋದು.

ಸ್ಟ್ಯಾಕ್_ಸೋಮಾರಿ
ಎಲ್ಲಿ ಹಾಕಿದ್ದೀಯ? ಲಿಬ್‌ಸಿ ಅಡ್ರೆಸ್ ಲೀಕ್ ಮಾಡೋ ಮೊದಲನೇ ಚೈನ್‌ನಲ್ಲಾ (ಗ್ಯಾಜೆಟ್‌ಗಳ ಸಾಲು), ಶೆಲ್ ತೆಗೆಯೋ ಎರಡನೇದರಲ್ಲಾ? ಮೇನ್‌ಗೆ ವಾಪಸ್ ಹೋಗುವಾಗಲೂ ಅಲೈನ್‌ಮೆಂಟ್ ಆಚೀಚೆ ಆಗಬಹುದು.

ಮಾಡರೇಟರ್
ಒಂದು ನಿಮಿಷ. ಸ್ಪರ್ಧೆ ಮುಗಿದಿದೆಯಾ? ನಡೆಯುತ್ತಿರೋ ಸಿಟಿಎಫ್ ಬಗ್ಗೆ ಇಲ್ಲಿ ಸುಳಿವು ಕೊಡುವಂತಿಲ್ಲ. ಹೌದೋ ಅಲ್ಲವೋ ಹೇಳಿ, ಇಲ್ಲದಿದ್ದರೆ ಥ್ರೆಡ್ ಲಾಕ್ ಮಾಡ್ತೀನಿ.

ಬಫರ್_ಬೋರ
ಮುಗಿದಿದೆ ಸರ್. ಪ್ರಾಕ್ಟೀಸ್‌ಗೆ ಅಂತ ಸರ್ವರ್ ಹಾಗೇ ಬಿಟ್ಟಿದ್ದಾರೆ.

ಕಾಗೆ_ಕರ್ನಲ್
ಎಲ್ಲರೂ ಹಾಗೇ ಹೇಳೋದು ಬಿಡಿ.

ಬಫರ್_ಬೋರ
ನಂಬೋದಾದರೆ ನಂಬಿ. ಸ್ಕೋರ್‌ಬೋರ್ಡ್ ಫ್ರೀಜ್ ಆಗಿ, ಬೇರೆಯವರು ಅರ್ಧ ಪ್ರಾಬ್ಲಮ್‌ಗಳಿಗೆ ರೈಟಪ್ (ಬಿಡಿಸಿದ ವಿವರಣೆ) ಕೂಡ ಬರೆದಿದ್ದಾರೆ. ಇದಕ್ಕೆ ಮಾತ್ರ ಯಾರೂ ಬರೆದಿಲ್ಲ.

ಮಾಡರೇಟರ್
ಸರಿ, ಮುಂದುವರಿಸಿ. ಕಾಗೆ, ಸುಮ್ನೆ ಕೆಣಕಬೇಡಿ.

ಹೆಕ್ಸ್_ಅಕ್ಕ
ಲೋಕಲ್‌ನಲ್ಲಿ ಯಾವ ಲಿಬ್‌ಸಿ, ರಿಮೋಟ್‌ನಲ್ಲಿ ಯಾವುದು? ಅದನ್ನೇ ಹೇಳಿಲ್ವಲ್ಲಪ್ಪ. ಲೀಕ್ ಆದ ಪುಟ್ಸ್ ಫಂಕ್ಷನ್ ಅಡ್ರೆಸ್‌ನ ಕೊನೆಯ ಮೂರು ಹೆಕ್ಸ್ ಅಂಕಿ ನೋಡು. ಎಎಸ್‌ಎಲ್‌ಆರ್ (ಪ್ರತಿ ಸಲ ಮೆಮೊರಿ ಜಾಗ ಬದಲಿಸೋ ರಕ್ಷಣೆ) ಲಿಬ್‌ಸಿಯನ್ನು 4096 ಬೈಟ್‌ನ ಪೇಜ್ ಲೆಕ್ಕದಲ್ಲಿ ಜರುಗಿಸುತ್ತದೆ. ಹಾಗಾಗಿ ಆ ಮೂರು ಅಂಕಿ ಯಾವತ್ತೂ ಬದಲಾಗಲ್ಲ. ಅದನ್ನು ಲಿಬ್‌ಸಿ ಡೇಟಾಬೇಸ್‌ನಲ್ಲಿ ಹುಡುಕಿದರೆ ವರ್ಷನ್ ಗೊತ್ತಾಗುತ್ತದೆ.

ಬಫರ್_ಬೋರ
ಲಿಬ್‌ಸಿ ಜಿಪ್‌ನಲ್ಲೇ ಕೊಟ್ಟಿದ್ದಾರಲ್ಲ ಅಕ್ಕ. ರಿಮೋಟ್‌ಗೆ ಅದರ ಆಫ್‌ಸೆಟ್, ಲೋಕಲ್‌ಗೆ ನನ್ನ ಕಾಲಿ ಲಿನಕ್ಸ್‌ನ ಲಿಬ್‌ಸಿ ಆಫ್‌ಸೆಟ್, ಎರಡೂ ಸ್ಕ್ರಿಪ್ಟ್‌ನಲ್ಲಿವೆ. ಕೊನೆಯ ಮೂರು ಅಂಕಿ ಹೊಂದುತ್ತವೆ. ಲಿಬ್‌ಸಿ ಬೇಸ್ ಕೊನೆಗೆ 000 ಅಂತಲೇ ಬರುತ್ತದೆ.

ಹೆಕ್ಸ್_ಅಕ್ಕ
'ಒಂದಕ್ಷರ ಬದಲಾಯಿಸಿಲ್ಲ' ಅಂದಿದ್ದೆ?

ಇರಲಿ. ಪ್ಯಾಚ್‌ಎಲ್ಫ್ ಟೂಲ್ ಹಿಡಿದು ಅವರು ಕೊಟ್ಟ ಲಿಬ್‌ಸಿ ಮತ್ತು ಲೋಡರ್ (ಲೈಬ್ರರಿಗಳನ್ನು ತಂದು ಜೋಡಿಸೋ ಪ್ರೋಗ್ರಾಮ್) ಎರಡನ್ನೂ ಬೈನರಿಗೆ ಜೋಡಿಸು. ಲಿಬ್‌ಸಿ ಒಂದನ್ನೇ ಎಲ್‌ಡಿ ಪ್ರೀಲೋಡ್‌ನಲ್ಲಿ ತುರುಕಬೇಡ, ಲೋಡರ್ ವರ್ಷನ್ ಬೇರೆಯಾದರೆ ಶುರುವಿನಲ್ಲೇ ಸಾಯುತ್ತದೆ. ಆಮೇಲೆ ಲೋಕಲ್‌ನಲ್ಲೂ ಬಿದ್ದರೆ ಒಳ್ಳೇದು. ಜಿಡಿಬಿ ಡಿಬಗರ್‌ನಲ್ಲಿ ಕೂತು ನೋಡಬಹುದು.

ಸ್ಟ್ಯಾಕ್_ಸೋಮಾರಿ
ಅಷ್ಟೆಲ್ಲ ಯಾಕೆ? ಒನ್ ಗ್ಯಾಜೆಟ್ (ಲಿಬ್‌ಸಿ ಒಳಗೆ ಜಿಗಿದರೆ ನೇರ ಶೆಲ್ ಕೊಡೋ ಜಾಗ) ಹಾಕಿದ್ದರೆ ಈ ತಲೆನೋವೇ ಇರಲಿಲ್ಲ.

ಹೆಕ್ಸ್_ಅಕ್ಕ
ಒನ್ ಗ್ಯಾಜೆಟ್‌ಗೆ ಅದರದ್ದೇ ಷರತ್ತುಗಳಿವೆ. ಇಂಥ ರಿಜಿಸ್ಟರ್ ನಲ್ ಇರಬೇಕು, ಸ್ಟ್ಯಾಕ್‌ನ ಇಂಥ ಜಾಗ ನಲ್ ಇರಬೇಕು ಅಂತ. ಕೂಡಿ ಬಂದರೆ ಸರಿ.

ಮೂರು_ಮಾನಿಟರ್
ಜಿಡಿಬಿಗೆ ಪ್ವನ್‌ಡಿಬಿಜಿ ಪ್ಲಗಿನ್ ಹಾಕ್ಕೊಳಿ. ನಾನು ಟೀಮಕ್ಸ್‌ನಲ್ಲಿ ಎಡಕ್ಕೆ ಸ್ಕ್ರಿಪ್ಟ್, ಬಲಕ್ಕೆ ಸ್ಟ್ಯಾಕ್, ಕೆಳಗೆ ಡಿಸ್‌ಅಸೆಂಬ್ಲಿ ಇಟ್ಕೊಂಡಿದ್ದೀನಿ. ಎರಡನೇ ಮಾನಿಟರ್‌ನಲ್ಲಿ ಘಿದ್ರಾ, ಮೂರನೇದರಲ್ಲಿ ಬರೀ ಸ್ಕೋರ್‌ಬೋರ್ಡ್. ಕೀಬೋರ್ಡ್ ಸ್ವಿಚ್ ನಾನೇ ಲ್ಯೂಬ್ ಮಾಡಿದ್ದು.

ಕಾಗೆ_ಕರ್ನಲ್
ಅಂಥದ್ದೇ ಪ್ಲಗಿನ್ ಜಿಇಎಫ್ ಒಂದೇ ಫೈಲ್, ಹಾಕ್ಕೊಂಡು ಮರೆತುಬಿಡಬಹುದು. ನಿಮ್ಮ ಪ್ವನ್‌ಡಿಬಿಜಿ ಇನ್‌ಸ್ಟಾಲ್ ಆಗೋ ಹೊತ್ತಿಗೆ ನಾನು ಫ್ಲ್ಯಾಗ್ ಹಾಕಿರ್ತೀನಿ. ಘಿದ್ರಾ ಅಂತೂ 2019ರಲ್ಲಿ ಎನ್‌ಎಸ್‌ಎ ಬಿಟ್ಟಾಗಿನಿಂದ ಹಾಗೇ ಇದೆ, ಓಪನ್ ಆಗೋದರೊಳಗೆ ನಿದ್ದೆ ಬರುತ್ತದೆ.

ಮೂರು_ಮಾನಿಟರ್
ರ್‍ಯಾಮ್ ಎಷ್ಟಿದೆ ನಿಮಗೆ?

ಬಫರ್_ಬೋರ
ಪ್ಯಾಚ್‌ಎಲ್ಫ್ ಮಾಡಿದೆ. ಈಗ ಲೋಕಲ್‌ನಲ್ಲೂ ಬೀಳ್ತಿದೆ! ಆದರೆ ಬೀಳ್ತಿರೋದು ಸಿಸ್ಟಮ್ ಒಳಗಲ್ಲ. ಸಿಸ್ಟಮ್‌ವರೆಗೆ ಹೋಗೋದೇ ಇಲ್ಲ. ಆರ್‌ಐಪಿ (ಮುಂದೆ ಓಡೋ ಇನ್‌ಸ್ಟ್ರಕ್ಷನ್‌ನ ಅಡ್ರೆಸ್ ಇಡೋ ರಿಜಿಸ್ಟರ್) ಎಲ್ಲೋ ಸ್ಟ್ಯಾಕ್ ಅಡ್ರೆಸ್ ತೋರಿಸ್ತಿದೆ.

ಸ್ಟ್ಯಾಕ್_ಸೋಮಾರಿ
ಅಲೈನ್‌ಮೆಂಟ್ ಅಂದ್ನಲ್ಲ.

ಹೆಕ್ಸ್_ಅಕ್ಕ
ಅಲೈನ್‌ಮೆಂಟ್ ಆಗಿದ್ದರೆ ಆರ್‌ಐಪಿ ಲಿಬ್‌ಸಿ ಒಳಗೆ, ಮೂವಾಪ್ಸ್ ಮೇಲೆ ನಿಲ್ಲಬೇಕಿತ್ತು. ಇದು ಅದಲ್ಲ. ಬೋರ, ಆ ಪ್ರೋಗ್ರಾಮ್ ಇನ್‌ಪುಟ್ ಹೇಗೆ ಓದುತ್ತದೆ? ಗೆಟ್ಸ್? ರೀಡ್?

ಬಫರ್_ಬೋರ
ಸ್ಕ್ಯಾನ್‌ಎಫ್, ಪರ್ಸೆಂಟ್ ಎಸ್. ಉದ್ದದ ಮಿತಿ ಇಲ್ಲ. ಅದಕ್ಕೇ ಅಲ್ವಾ ಓವರ್‌ಫ್ಲೋ ಆಗೋದು?

ಕಾಗೆ_ಕರ್ನಲ್
ಸಿಕ್ತು. ಅಡ್ರೆಸ್‌ನಲ್ಲಿ ಎರಡು ನಲ್ ಬೈಟ್ ಇರುತ್ತವೆ, ಸ್ಕ್ಯಾನ್‌ಎಫ್ ಅಲ್ಲೇ ನಿಂತುಬಿಡುತ್ತದೆ.

ಹೆಕ್ಸ್_ಅಕ್ಕ
ಇಲ್ಲ. ನಲ್ ಬೈಟ್‌ಗೆ ನಿಲ್ಲೋದು ಸ್ಟ್ರಿಂಗ್‌ಕಾಪಿ. ಸ್ಕ್ಯಾನ್‌ಎಫ್ ನಲ್ ಅನ್ನು ಆರಾಮಾಗಿ ನುಂಗುತ್ತದೆ. ನಿಂತಿದ್ದರೆ ಇವನ ಮೊದಲನೇ ಚೈನ್‌ನಲ್ಲಿ ಲೀಕ್ ಬರ್ತಾನೇ ಇರಲಿಲ್ಲ.

ಪರ್ಸೆಂಟ್ ಎಸ್ ನಿಲ್ಲೋದು ಖಾಲಿ ಜಾಗದ ಅಕ್ಷರ ಸಿಕ್ಕಾಗ. ಹೆಕ್ಸ್‌ನಲ್ಲಿ 09ರಿಂದ 0ಡಿವರೆಗೆ, ಜೊತೆಗೆ 20. ಗೆಟ್ಸ್ ಆದರೆ 0ಎಗೆ ಮಾತ್ರ ನಿಲ್ಲುತ್ತದೆ. ಕೊಟ್ಟಿರೋ ಲಿಬ್‌ಸಿಯಲ್ಲಿ ಸಿಸ್ಟಮ್ ಆಫ್‌ಸೆಟ್‌ನ ಕೊನೆಯ ಬೈಟ್ ಏನು?

ಬಫರ್_ಬೋರ
20

ಹೆಕ್ಸ್_ಅಕ್ಕ
ಅಷ್ಟೇ. ಲಿಟಲ್ ಎಂಡಿಯನ್ ಅಲ್ವಾ, ಆ 20 ಮೊದಲು ಬರುತ್ತದೆ. ಸ್ಕ್ಯಾನ್‌ಎಫ್ ಅದನ್ನು ಸ್ಪೇಸ್ ಅಂದುಕೊಂಡು ಓದೋದು ನಿಲ್ಲಿಸುತ್ತದೆ, ಆ ಜಾಗಕ್ಕೆ 00 ಬರೆಯುತ್ತದೆ. ಉಳಿದ ಏಳು ಬೈಟ್ ಸ್ಟ್ಯಾಕ್‌ನಲ್ಲಿ ಮೊದಲು ಇದ್ದದ್ದೇ. ಜಿಡಿಬಿಯಲ್ಲಿ ಚೈನ್‌ನ ನಾಲ್ಕು ಜಾಗ ನೋಡು. ರೆಟ್, ಪಾಪ್ ಆರ್‌ಡಿಐ, ಬಿನ್‌ಶೆಲ್ ಸ್ಟ್ರಿಂಗ್, ಈ ಮೂರೂ ಸರಿ ಇರಬೇಕು. ನಾಲ್ಕನೇದು 7ಎಫ್‌ಎಫ್ ಅಂತ ಶುರುವಾಗಿ 00ಯಲ್ಲಿ ಮುಗೀತಿದೆಯಾ?

ಬಫರ್_ಬೋರ
ಅಯ್ಯೋ ಹೌದು. ಕೊನೆಯ ಬೈಟ್ ಮಾತ್ರ 00.

ಹೆಕ್ಸ್_ಅಕ್ಕ
ಅದು ಹಳೆಯ ಸ್ಟ್ಯಾಕ್ ಪಾಯಿಂಟರ್. ಅಲ್ಲಿಗೆ ಜಿಗಿದರೆ ಎನ್‌ಎಕ್ಸ್ (ಸ್ಟ್ಯಾಕ್‌ನಲ್ಲಿ ಕೋಡ್ ಓಡದಂತೆ ತಡೆಯೋ ರಕ್ಷಣೆ) ಬಿಡುತ್ತದಾ? ಸೆಗ್‌ಫಾಲ್ಟ್. ಸರ್ವರ್ ಕಡೆಯಿಂದ ನಿನಗೆ ಕಾಣೋದು ಇಒಎಫ್ ಅಷ್ಟೇ.

ಪ್ರತಿ ಸಲ ಬೀಳ್ತಿದ್ದದ್ದೇ ಸುಳಿವು. ಎಎಸ್‌ಎಲ್‌ಆರ್ ಮುಟ್ಟೋ ಬೈಟ್‌ನಲ್ಲಿ ತೊಂದರೆ ಇದ್ದರೆ ಒಮ್ಮೊಮ್ಮೆ ಬೀಳ್ತಿತ್ತು, ಒಮ್ಮೊಮ್ಮೆ ನಡೀತಿತ್ತು.

ಈಗ ಸಿಸ್ಟಮ್ ಶುರುವಿನ ಡಿಸ್‌ಅಸೆಂಬ್ಲಿ ನೋಡು. ಮೊದಲನೇದು ಎಂಡ್‌ಬಿಆರ್64 ಆಗಿದ್ದರೆ ಅದು 4 ಬೈಟ್‌ನ ಇನ್‌ಸ್ಟ್ರಕ್ಷನ್, ನಮಗೆ ಬೇಕಿಲ್ಲ. ಹಾರಿಸಿ ಸಿಸ್ಟಮ್ ಪ್ಲಸ್ 4ಕ್ಕೆ ಹೋಗು. ಕೊನೆಯ ಬೈಟ್ 24 ಆಗುತ್ತದೆ.

ಸ್ಟ್ಯಾಕ್_ಸೋಮಾರಿ
ರೆಟ್ ಮಾತ್ರ ತೆಗೀಬೇಡ. ಅದು ಬೇಕೇ ಬೇಕು.

ಹೆಕ್ಸ್_ಅಕ್ಕ
ಅದು ನಿಜ. ಇರಲಿ.

ಬಫರ್_ಬೋರ
ಶೆಲ್ ಬಂತು!!! ರಿಮೋಟ್‌ನಲ್ಲಿ!!! ಕ್ಯಾಟ್ ಫ್ಲ್ಯಾಗ್ ಹೊಡೆದೆ, ಬಂತು. ಅಕ್ಕ, ಸಾಷ್ಟಾಂಗ. ಆದರೆ ಆಗಾಗ ಈಗಲೂ ಇಒಎಫ್ ಬರ್ತಿದೆ.

ಹೆಕ್ಸ್_ಅಕ್ಕ
ಅದು ಎಎಸ್‌ಎಲ್‌ಆರ್ ಆರಿಸಿದ ಬೈಟ್ 0ಎನೋ 20ಓ ಆಗಿ ಬಿದ್ದಾಗ. ಕಳಿಸೋ ಮುಂಚೆ ಪೇಲೋಡ್‌ನಲ್ಲಿ ಆ ಆರು ಬೈಟ್ ಇವೆಯಾ ಅಂತ ಒಂದು ಸಾಲಿನಲ್ಲಿ ಚೆಕ್ ಮಾಡು, ಇದ್ದರೆ ಮತ್ತೆ ಕನೆಕ್ಟ್ ಆಗು.

ಮೂರು_ಮಾನಿಟರ್
ನನ್ನ ಟೆಂಪ್ಲೇಟ್‌ನಲ್ಲಿ ಈ ಚೆಕ್ ಮೊದಲಿಂದಲೂ ಇದೆ.

ಕಾಗೆ_ಕರ್ನಲ್
ಮತ್ತೆ ಯಾಕೆ ಹೇಳಲಿಲ್ಲ ಮಾರಾಯ?

ಹೊಸಬ_07
ನನಗೂ ಇಒಎಫ್ ಬರ್ತಿದೆ, ಬೇರೆ ಪ್ರಾಬ್ಲಮ್. ಅದರಲ್ಲಿ ಸ್ಕ್ಯಾನ್‌ಎಫ್ ಇಲ್ಲ, ರೀಡ್ ಇದೆ, ಎರಡು ಸಲ. ಮೊದಲನೇದು ಸರಿಯಾಗಿ ಹೋಗುತ್ತದೆ. ಎರಡನೇದಕ್ಕೆ ನಾನು ಏನೂ ಕಳಿಸೋ ಮುಂಚೆಯೇ ಮುಂದೆ ಓಡಿಬಿಡುತ್ತದೆ.

ಹೆಕ್ಸ್_ಅಕ್ಕ
ಸೆಂಡ್‌ಲೈನ್ ಬಳಸ್ತಿದ್ದೀಯಾ? ಮೊದಲನೇ ರೀಡ್ ಕೇಳೋವಷ್ಟು ಬೈಟ್ ಪೂರ್ತಿ ತುಂಬಿಸಿದ್ದರೆ, ಸೆಂಡ್‌ಲೈನ್ ಕೊನೆಗೆ ಸೇರಿಸೋ 0ಎ ಹೊರಗುಳಿದು ಎರಡನೇ ರೀಡ್‌ಗೆ ಹೋಗಿ ಬೀಳುತ್ತದೆ. ಬರೀ ಸೆಂಡ್ ಬಳಸು. ಆಗಲೂ ಆಗದಿದ್ದರೆ ಬೇರೆ ಥ್ರೆಡ್ ತೆಗೆ, ಚೆಕ್‌ಸೆಕ್ (ಬೈನರಿಯಲ್ಲಿರೋ ರಕ್ಷಣೆಗಳನ್ನು ತೋರಿಸೋ ಟೂಲ್) ಔಟ್‌ಪುಟ್ ಹಾಕು. ಜಿಪ್‌ನಲ್ಲಿ ಏನೇನು ಕೊಟ್ಟಿದ್ದಾರೆ ಅಂತಲೂ ಮೊದಲೇ ಬರೆ.