ಗ್ರ್ಯಾಂಡ್ ಮಾರ್ಕ್ವಿಸ್‌ಗೆ ಮಿನ್ನೆಸೋಟಾ ಚಳಿಗಾಲ: ಅನುಭವ ಇರೋರು ಹೇಳಿ

ಸೇಂಟ್ ಪಾಲ್‌ನಿಂದ ಪ್ರಶ್ನೆ

2005ರ ಮರ್ಕ್ಯುರಿ ಗ್ರ್ಯಾಂಡ್ ಮಾರ್ಕ್ವಿಸ್ ತಗೊಂಡಿದ್ದೀನಿ. 4.6 ಲೀಟರ್ ವಿ8, ರಿಯರ್ ವೀಲ್ ಡ್ರೈವ್, 91,000 ಮೈಲಿ ಓಡಿದೆ. ಇಷ್ಟು ವರ್ಷ ವಿಸ್ಕಾನ್ಸಿನ್‌ನಲ್ಲಿದ್ದ ಗಾಡಿ. ಟೈರು 225/60ಆರ್16 ಆಲ್ ಸೀಸನ್, ಅರ್ಧ ಸವೆದಿದೆ. ಅಪಾರ್ಟ್‌ಮೆಂಟಿನಲ್ಲಿ ಬಯಲು ಪಾರ್ಕಿಂಗು, ಪ್ಲಗ್ ಪಾಯಿಂಟ್ ಇಲ್ಲ. ಕೈಯಲ್ಲಿರೋದು 1,200 ಡಾಲರ್. ನವೆಂಬರ್ ಒಳಗೆ ಯಾವುದಕ್ಕೆ ಮೊದಲು ಖರ್ಚು ಮಾಡಲಿ? ದೊಡ್ಡ ಅಮೆರಿಕನ್ ಸೆಡಾನ್ ಇಟ್ಕೊಂಡು ಚಳಿಗಾಲ ದಾಟಿಸಿದವರು ದಯವಿಟ್ಟು ಬರೆಯಿರಿ.

ಡುಲೂತ್, ಕ್ರೌನ್ ವಿಕ್ಟೋರಿಯಾ 2008, ಪೊಲೀಸ್ ಮಾದರಿ

ಟೈರು. ನಾಲ್ಕಕ್ಕೆ ನಾಲ್ಕೂ. ಎಳೆಯೋದು ಹಿಂದಿನ ಚಕ್ರ ತಾನೇ, ಎರಡು ಸಾಕು ಅನ್ನೋರ ಮಾತು ಕೇಳಬೇಡಿ. ಗಾಡಿ ತಿರುಗಿಸೋದು ಮುಂದಿನ ಚಕ್ರ, ಬ್ರೇಕ್ ಹಿಡಿದಾಗ ಬಹುಪಾಲು ಭಾರ ಬೀಳೋದೂ ಅದರ ಮೇಲೇ. ಹಿಂದೆ ಮಾತ್ರ ಸ್ನೋ ಟೈರ್ ಹಾಕಿದ್ರೆ ಗಾಡಿ ಚೆನ್ನಾಗಿ ಹೊರಡತ್ತೆ, ತಿರುವು ಬಂದಾಗ ಸ್ಟೀರಿಂಗ್ ತಿರುಗಿಸಿದ್ರೂ ನೆಟ್ಟಗೆ ಹೋಗಿ ಮೋರಿಗೆ ಇಳಿಯತ್ತೆ. ಆಲ್ ಸೀಸನ್ ರಬ್ಬರು 45 ಡಿಗ್ರಿ ಫ್ಯಾರನ್‌ಹೀಟ್‌ಗಿಂತ ಕೆಳಗೆ ಬಿರುಸಾಗ್ತಾ ಹೋಗತ್ತೆ, ಸೊನ್ನೆ ಹತ್ತಿರ ಬಂದಾಗ ಹಿಡಿತವೇ ಇರಲ್ಲ. ಪಕ್ಕದ ಗೋಡೆಯಲ್ಲಿ ಮೂರು ಶಿಖರದ ಬೆಟ್ಟ, ಅದರೊಳಗೆ ಹಿಮದ ಹರಳಿನ ಗುರುತು ಇರೋದನ್ನೇ ತಗೊಳ್ಳಿ. ಎಂ ಪ್ಲಸ್ ಎಸ್ ಅನ್ನೋ ಅಕ್ಷರ ಇದ್ದ ಮಾತ್ರಕ್ಕೆ ಅದು ಸ್ನೋ ಟೈರ್ ಅಲ್ಲ. ಮೊಳೆ ಟೈರು ಮಿನ್ನೆಸೋಟಾ ನಿವಾಸಿಗಳಿಗೆ ನಿಷಿದ್ಧ, ಅದರ ಯೋಚನೆ ಬಿಡಿ.

ನನ್ನ ಲೆಕ್ಕ (ನಿಮ್ಮ ಗಾಡಿಗೂ ನನ್ನದಕ್ಕೂ ಚಾಸಿಸ್ ಒಂದೇ, ವೀಲು ಹೊಂದತ್ತೆ): ಗುಜರಿ ಅಂಗಡಿಯಿಂದ ಪೊಲೀಸ್ ಗಾಡಿಯ 17 ಇಂಚಿನ ಕಬ್ಬಿಣದ ವೀಲು ನಾಲ್ಕು, ತಲಾ 35ರಂತೆ 140. ಅದಕ್ಕೆ 235/55ಆರ್17 ಬ್ಲಿಝಾಕ್ ಸ್ನೋ ಟೈರ್ ನಾಲ್ಕು, 652. ಕೂರಿಸಿ ಬ್ಯಾಲೆನ್ಸ್ ಮಾಡಿಸಿದ್ದು 88. ಒಟ್ಟು 880. ಬೇರೆ ವೀಲು ಇಟ್ಕೊಂಡ್ರೆ ವರ್ಷಕ್ಕೆರಡು ಸಲ ಟೈರ್ ಬಿಚ್ಚಿಸೋ ಖರ್ಚು ಉಳಿಯತ್ತೆ. ಆದರೆ 2003ರಿಂದ ಈಚಿನ ವೀಲನ್ನೇ ಆರಿಸಿ. ಆ ವರ್ಷ ಚಾಸಿಸ್ಸೂ ಸ್ಟೀರಿಂಗೂ ಹೊಸದಾಗಿ ವೀಲಿನ ಆಫ್‌ಸೆಟ್ (ವೀಲು ಎಷ್ಟು ಒಳಗೆ, ಎಷ್ಟು ಹೊರಗೆ ಕೂರತ್ತೆ ಅನ್ನೋ ಅಳತೆ) ಬದಲಾಯ್ತು. ಹಳೇದು ಬೋಲ್ಟಿಗೆ ಕೂರತ್ತೆ, ಗುಜರಿಯವರು ಆಗತ್ತೆ ಅಂತಲೇ ಕೊಡ್ತಾರೆ, ಹಾಕಿ ನೋಡಿದ್ರೆ ಫೆಂಡರಿನಿಂದ ಹೊರಗೆ ಚಾಚಿರತ್ತೆ. ನಟ್ಟು 100 ಪೌಂಡ್-ಅಡಿ ಟಾರ್ಕಿಗೆ ಬಿಗಿಸಿ, 50 ಮೈಲಿ ಓಡಿಸಿದ ಮೇಲೆ ಇನ್ನೊಮ್ಮೆ ನೋಡಿ. ನಿಮ್ಮ ಗಾಡಿಯಲ್ಲಿ ಗಾಳಿ ಕಮ್ಮಿಯಾದ್ರೆ ಹೇಳೋ ದೀಪ ಇಲ್ಲ. ಪ್ರತಿ 10 ಡಿಗ್ರಿ ಫ್ಯಾರನ್‌ಹೀಟ್ ಇಳಿತಕ್ಕೆ ಸುಮಾರು ಒಂದು ಪಿಎಸ್‌ಐ ಇಳಿಯತ್ತೆ, ಅಕ್ಟೋಬರಿನಲ್ಲಿ ತುಂಬಿಸಿದ್ದು ಜನವರಿಗೆ ಸಾಲಲ್ಲ.

ಮರಳಿನ ಚೀಲ 60 ಪೌಂಡಿನವು ಎರಡು. ಡಿಕ್ಕಿಯ ಆಳದ ಗುಂಡಿಯಲ್ಲಿ ಇಡಬೇಡಿ. ಸ್ಪೇರ್ ಟೈರ್ ಮಲಗಿರೋ ಮೇಲಿನ ಕಟ್ಟೆ ಇದೆಯಲ್ಲ, ಹಿಂದಿನ ಆಕ್ಸಲ್ ಬರೋದು ಅದರ ಕೆಳಗೆ, ಅಲ್ಲೇ ಇಟ್ಟು ಕಟ್ಟಿ. ಹೊರಡುವಾಗ ಗೇರ್ ಕಡ್ಡಿ 2ಕ್ಕೆ ಹಾಕಿದ್ರೆ ಗಾಡಿ ಎರಡನೇ ಗೇರಿನಲ್ಲೇ ಹೊರಡತ್ತೆ, ಚಕ್ರ ಸುತ್ತೋದು ಕಮ್ಮಿ. ಹಿಮದಲ್ಲಿ ಹೂತಾಗ ಟ್ರ್ಯಾಕ್ಷನ್ ಕಂಟ್ರೋಲ್ ಆಫ್ ಮಾಡಿ, ಇಲ್ಲಾಂದ್ರೆ ಅದು ಎಂಜಿನ್ನಿನ ಶಕ್ತಿ ಕಟ್ ಮಾಡಿ ಅಲ್ಲೇ ನಿಲ್ಲಿಸಿಬಿಡತ್ತೆ.

ಟ್ರಾಯ್, ಮಿಷಿಗನ್, ಟೌನ್ ಕಾರ್ 2004

ಟೈರ್ ಟೈರ್ ಅಂತ ಎಲ್ಲಾರೂ ಹೇಳ್ತಾರ, ಗಾಡಿ ಕೆಳಗ ಬಗ್ಗಿ ನೋಡವರು ಯಾರೂ ಇಲ್ಲ. ವಿಸ್ಕಾನ್ಸಿನ್ ಗಾಡಿ ಅಂತ ನೀವೇ ಬರದೀರಿ. ಅಂದ್ರ ಪ್ರತಿ ಚಳಿಗಾಲ ಉಪ್ಪು ತಿಂದ ಗಾಡಿ. ಬರೇ ಕಲ್ಲುಪ್ಪು 15 ಡಿಗ್ರಿ ಫ್ಯಾರನ್‌ಹೀಟ್ ಕೆಳಗ ಸರಿಯಾಗಿ ಕೆಲಸ ಮಾಡಂಗಿಲ್ಲ, ಅದಕ್ಕ ಮ್ಯಾಗ್ನೀಷಿಯಂ ಕ್ಲೋರೈಡ್, ಕ್ಯಾಲ್ಸಿಯಂ ಕ್ಲೋರೈಡ್ ನೀರು ಹೊಡಿತಾರ. ಇವು ಗಾಳ್ಯಾಗಿನ ಪಸೆ ಹೀರ್ಕೊಂಡು ಒದ್ದಿ ಇರ್ತಾವ. ರಸ್ತೆ ಒಣಗಿದ್ರೂ ನಿಮ್ಮ ಫ್ರೇಮು ಒಣಗಿರಂಗಿಲ್ಲ.

ಬ್ರೇಕ್ ಪೈಪು ನೋಡ್ರಿ ಮೊದಲ. ಎಡಗಡೆ ಫ್ರೇಮಿನ ಗುಂಟ ಹಿಂದಕ್ಕ ಹೋಗ್ತದ. ಕ್ಲಿಪ್ ಹಿಡಿದ ಜಾಗದಾಗ ಮಣ್ಣು, ಉಪ್ಪು ಕೂತು ಅಲ್ಲೇ ಮೊದಲ ತಿಂತದ. ಉಗುರಿಲೆ ಕೆರೀರಿ. ಬರೇ ಕಂದು ಪುಡಿ ಬಂದ್ರ ಇನ್ನೂ ದಿನ ಐತಿ. ಪದರ ಪದರ ಎದ್ದು ಬಂದ್ರ ಬದಲಿ ಮಾಡ್ರಿ. ವರ್ಕ್‌ಶಾಪಿನವ್ರು ನನಗ 1,150 ಕೇಳಿದ್ರು. ಸಾಮಾನಿನ ಖರ್ಚು ಇಷ್ಟ: 3/16 ಇಂಚಿನ ತಾಮ್ರ-ನಿಕಲ್ ಪೈಪು 25 ಅಡಿ ಸುರುಳಿ 34 ಡಾಲರ್, ಫಿಟ್ಟಿಂಗ್ 18, ಪೈಪಿನ ತುದಿ ಅರಳಿಸೋ (ಫ್ಲೇರ್) ಉಪಕರಣ ಬಾಡಿಗಿಗೆ, ಡಾಟ್ 3 ಬ್ರೇಕ್ ಆಯಿಲ್ 11. ಡಬಲ್ ಫ್ಲೇರ್, ಅಂದ್ರ ತುದಿ ಎರಡು ಮಡಿಕಿ, ಮಾಡ್ರಿ. ನಡುವೆ ಕಂಪ್ರೆಷನ್ ಫಿಟ್ಟಿಂಗ್ ಹಾಕಿ ಜೋಡಸ್ತೀನಿ ಅಂದ್ರ ಬ್ಯಾಡ, ಬ್ರೇಕಿನ ಒತ್ತಡಕ್ಕ ಅದು ತಡಿಯಂಗಿಲ್ಲ. ಆಮ್ಯಾಲ ಬ್ರೇಕ್ ಪೈಪಿನಾಗಿನ ಗಾಳಿ ತಗ್ಯೋದು ಹಿಂದಿನ ಬಲ, ಹಿಂದಿನ ಎಡ, ಮುಂದಿನ ಬಲ, ಮುಂದಿನ ಎಡ, ಈ ಕ್ರಮದಾಗ. ಹಳೇ ನಟ್ಟು ತಿರುಗಂಗಿಲ್ಲ, ದುಂಡಗಾಗಿ ಬಿಡ್ತದ. ಹಿಂದಿನ ದಿನಾನೇ ತುಕ್ಕು ಬಿಡಿಸೋ ಎಣ್ಣಿ ಹೊಡದು ಬಿಡ್ರಿ.

ಆಮ್ಯಾಲ ಕೋಟಿಂಗ್. ಕರೀ ರಬ್ಬರಿನ ಅಂಡರ್‌ಕೋಟ್ ಮಾಡಿಸಬ್ಯಾಡ್ರಿ! ನನ್ನ 420 ಡಾಲರ್ ಅದಕ್ಕ ಹೋತು. ಹಳೇ ತುಕ್ಕಿನ ಮ್ಯಾಲ ಅದು ಚರ್ಮದಂಗ ಕೂಡ್ತದ, ಒಂದು ಕಡೆ ಬಿರುಕು ಬಿಟ್ರ ಉಪ್ಪುನೀರು ಒಳಗ ಸೇರಿ ಹೊರಗ ಬರಂಗಿಲ್ಲ. ಎರಡು ವರ್ಷಕ್ಕ ಕಿತ್ತು ನೋಡಿದ್ರ ಹಾಳಿ ಹಾಳಿ ತುಕ್ಕು. ಕುರಿ ಉಣ್ಣೆ ಜಿಡ್ಡಿನ ಎಣ್ಣಿ ಬರ್ತದ, ಫ್ಲೂಯಿಡ್ ಫಿಲ್ಮ್, ವುಲ್‌ವ್ಯಾಕ್ಸ್, ಅದನ್ನ ಹೊಡೀರಿ. ಇಷ್ಟು ದೊಡ್ಡ ಗಾಡಿಗೆ ಒಂದು ಗ್ಯಾಲನ್ ಬೇಕ. ಕೆಳಗ ತೊಳದು, ಎರಡು ದಿನ ಒಣಗಿಸಿ, ಚಳಿ ಬೀಳೋ ಮುಂಚೆ ಹೊಡೀರಿ. ಫ್ರೇಮಿನ ತೂತಿನಾಗ ಉದ್ದ ನಳಿಗಿ ಹಾಕಿ ಒಳಗ ಹೊಡಿಯೋದು ಮುಖ್ಯ, ತುಕ್ಕು ಒಳಗಿಂದ ಬರ್ತದ. ರಾಕರಿನ (ಬಾಗಿಲ ಕೆಳಗಿನ ಉದ್ದ ಪಟ್ಟಿ) ಕೆಳಗಿನ ನೀರು ಹೋಗೋ ಕಿಂಡಿ ಮುಚ್ಚಬ್ಯಾಡ್ರಿ. ಡಿಸ್ಕ್, ಸೈಲೆನ್ಸರ್, ರಬ್ಬರ್ ಬುಷ್ ಮ್ಯಾಲ ಬೀಳಬಾರ್ದು. ವರ್ಷಾ ವರ್ಷಾ ಹೊಡೀಬೇಕ.

ಮ್ಯಾಡಿಸನ್, ಚಾರ್ಜರ್ ಎಡಬ್ಲ್ಯೂಡಿ 2014

ಇಷ್ಟೆಲ್ಲ ಪಾಡು ಯಾಕೆ? ಮಾರಿ, ನನ್ನದರ ಹಾಗೆ ಆಲ್ ವೀಲ್ ಡ್ರೈವ್ (ಎಡಬ್ಲ್ಯೂಡಿ, ನಾಲ್ಕೂ ಚಕ್ರ ಎಳೆಯೋದು) ತಗೊಳ್ಳಿ. ಹೊರಗಿನ ಚಳಿ ನೋಡಿ, ವೈಪರ್ ಓಡೋದು ನೋಡಿ ಮುಂದಿನ ಆಕ್ಸಲ್ಲು ತಾನೇ ಸೇರ್ಕೊಳ್ಳತ್ತೆ. ಬ್ಯಾಟರಿ ಡಿಕ್ಕಿಯಲ್ಲಿದೆ, ಜಂಪ್ ಕೊಡೋಕೆ ಬಾನೆಟ್ ಕೆಳಗೇ ಟರ್ಮಿನಲ್ ಕೊಟ್ಟಿದ್ದಾರೆ. ಐದು ಚಳಿಗಾಲದಲ್ಲಿ ಒಂದು ಸಲವೂ ಹೂತಿಲ್ಲ. ಖರ್ಚು ಇಲ್ಲ ಅಂತಲ್ಲ. 3.6 ಪೆಂಟಾಸ್ಟಾರ್ ಎಂಜಿನ್ನಿನ ನಡುವೆ ಕೂರೋ ಪ್ಲಾಸ್ಟಿಕ್ ಆಯಿಲ್ ಫಿಲ್ಟರ್ ಹೌಸಿಂಗ್ ವಯಸ್ಸಾದ ಮೇಲೆ ಬಿರುಕು ಬಿಡೋದು ಗೊತ್ತಿರೋ ವಿಷಯ. ಎಂಜಿನ್ನಿಗೆ ಗಾಳಿ ಒಯ್ಯೋ ಇನ್‌ಟೇಕ್ ಎತ್ತಿ ಅಲ್ಯೂಮಿನಿಯಂದು ಹಾಕಿಸಿದ್ದಕ್ಕೆ 740 ಆಯ್ತು. ಫಿಲ್ಟರಿನ ಮುಚ್ಚಳ 25 ನ್ಯೂಟನ್ ಮೀಟರಿಗೆ ನಿಲ್ಲಿಸಬೇಕು, ಆಯಿಲ್ ಬದಲಾಯಿಸೋ ಅಂಗಡಿಯವರು ಬಲ ಹಾಕಿ ಬಿಗಿಸೋದು ಹೌಸಿಂಗಿಗೆ ಒಳ್ಳೇದಲ್ಲ. 235/55ಆರ್19 ವಿಂಟರ್ ಟೈರು ನಾಲ್ಕಕ್ಕೆ 960.

ಡುಲೂತ್

ಆಲ್ ವೀಲ್ ಡ್ರೈವ್ ಹೊರಡೋಕೆ. ನಿಲ್ಲೋಕೆ ನಾಲ್ಕು ಚಕ್ರಕ್ಕೂ ಬ್ರೇಕು ಎಲ್ಲ ಗಾಡಿಯಲ್ಲೂ ಇದೆ, ಹಿಡಿತ ಕೊಡೋದು ರಬ್ಬರು. ಅದೂ ಅಲ್ಲದೆ ಒಂದು ಟೈರು ಹರಿದ್ರೆ ಸವೆತ ಸರಿಹೊಂದಿಸೋಕೆ ನಾಲ್ಕೂ ಬದಲಾಯಿಸಬೇಕಾಗಬಹುದು, ಅದನ್ನ ಯಾಕೆ ಬಿಟ್ರಿ? ಕೈಯಲ್ಲಿ 1,200 ಇರೋರಿಗೆ ಗಾಡಿ ಮಾರಿ ಅನ್ನೋದು ಉತ್ತರವಾ? ನೀವೇ ಕೊಟ್ಟ ಎರಡು ಬಿಲ್ಲು ಕೂಡಿಸಿದ್ರೆ 1,700.

ಮ್ಯಾಡಿಸನ್

120 ಪೌಂಡ್ ಮರಳು ಹೊತ್ಕೊಂಡು ತಿರುಗೋ ಗಾಡಿ ಅದು. ಆ ಭಾರವನ್ನೂ ನಿಮ್ಮ ಬ್ರೇಕೇ ನಿಲ್ಲಿಸಬೇಕು. ನನಗೆ ಪಾಠ ಬೇಡ.

ಗ್ರ್ಯಾಂಡ್ ರ್ಯಾಪಿಡ್ಸ್, ಬ್ಯೂಕ್ ಲೆಸೇಬರ್ 2004

ನೀವಿಬ್ಬರು ಹೀಗೆ ಜಗಳ ಮಾಡಿದ್ರೆ ಹೇಗೆ ಮಾರಾಯ್ರೆ? ಫ್ರಂಟ್ ವೀಲ್ ಡ್ರೈವ್ ಅಂತ ಒಂದು ಉಂಟಲ್ಲ. ಎಂಜಿನ್ ಭಾರ ಎಳೆಯುವ ಚಕ್ರದ ಮೇಲೆಯೇ ಇರ್ತದೆ, ಮರಳು ಬೇಡ, ಆಕ್ಸಲ್ ಸೇರುವುದೂ ಬೇಡ. ನನ್ನದರಂತೆ ಬ್ಯೂಕಿನ 3800 ವಿ6 ಎಂಜಿನ್ ಇದ್ದವರಿಗೆ ಒಂದು ಮಾತು: ಬೆಲ್ಟ್ ಟೆನ್ಷನರ್ ಹತ್ತಿರ ಎರಡು ಸಣ್ಣ ಪ್ಲಾಸ್ಟಿಕ್ ಮೊಣಕೈ ಪೈಪು ಉಂಟು, ಕೂಲೆಂಟ್ ಹೋಗುವಂಥದ್ದು. ಹಳತಾದರೆ ಮುಟ್ಟಿದ ಕೂಡಲೇ ಬಿಸ್ಕತ್ತಿನ ಹಾಗೆ ಮುರೀತದೆ, ತುಂಡು ಒಳಗೇ ಉಳೀತದೆ. ತಂತಿ ಬ್ರಷ್ಷಿನಲ್ಲಿ ತೂತು ಶುಚಿ ಮಾಡಿ ಹೊಸತು ಕೂರಿಸಬೇಕು. ಎರಡಕ್ಕೆ 12 ಡಾಲರ್, ಕೆಲಸಕ್ಕೆ ಮೂರು ಗಂಟೆ. ಚಳಿಗಾಲಕ್ಕೆ ಮೊದಲೇ ಮಾಡಿ, ಮೈನಸ್ ಹತ್ತರಲ್ಲಿ ಹೆದ್ದಾರಿ ಬದಿಯಲ್ಲಿ ಆಗುವ ಕೆಲಸ ಅಲ್ಲ. ಬ್ಯಾಟರಿ ಹಿಂದಿನ ಸೀಟಿನ ಅಡಿಯಲ್ಲಿ ಉಂಟು, ಬದಲಾಯಿಸುವಾಗ ಅದರ ಗಾಳಿ ನಳಿಗೆ ಮತ್ತೆ ಸಿಕ್ಕಿಸಲು ಮರೀಬೇಡಿ. ಗ್ಯಾಸು ಹೊರಗೆ ಹೋಗಬೇಕು, ನಾವು ಕೂತಲ್ಲಿಗೆ ಬರಬಾರದು. ರಾತ್ರಿ ಬಿಸಿ ಗ್ಯಾರೇಜಿನಲ್ಲಿ ಇಟ್ಟರೆ ಉಳಿದದ್ದಕ್ಕೆ ತೊಂದರೆಯೇ ಇಲ್ಲ.

ಫಾರ್ಗೊ, ಗ್ರ್ಯಾಂಡ್ ಮಾರ್ಕ್ವಿಸ್ 2004

ಬಿಸಿ ಗ್ಯಾರೇಜೇ ತುಕ್ಕಿನ ಮನೆ. ಹೊರಗೆ ಮೈನಸ್‌ನಲ್ಲಿ ಉಪ್ಪು ಗಡ್ಡೆ ಕಟ್ಟಿ ಸುಮ್ಮನಿರತ್ತೆ, ಒಳಗೆ 50 ಡಿಗ್ರಿ ಫ್ಯಾರನ್‌ಹೀಟ್‌ನಲ್ಲಿ ಕರಗಿ ರಾತ್ರಿಯೆಲ್ಲ ಕಬ್ಬಿಣ ತಿನ್ನತ್ತೆ. ದಿನಾ ಹೀಗೇ ಆದ್ರೆ ಬಯಲಲ್ಲಿ ನಿಂತ ಗಾಡಿಗಿಂತ ಬೇಗ ಹೋಗತ್ತೆ.

ಪ್ರಶ್ನೆ ಕೇಳಿದವರಿಗೆ ಪ್ಲಗ್ ಪಾಯಿಂಟ್ ಇಲ್ಲ. ಇಷ್ಟು ಜನ ಬರೆದ್ರೂ ಅದನ್ನ ಯಾರೂ ಓದಿಲ್ಲ. ರಾತ್ರಿ ಎಂಜಿನ್ ಬೆಚ್ಚಗಿಡೋ 400 ವಾಟಿನ ಬ್ಲಾಕ್ ಹೀಟರ್ ಹಾಕಿಸಿ ಪ್ರಯೋಜನ ಇಲ್ಲ, ಚುಚ್ಚೋಕೆ ಜಾಗ ಬೇಕಲ್ಲ. ಹಾಗಾಗಿ ಬ್ಯಾಟರಿ, ಆಯಿಲ್, ಕೂಲೆಂಟ್ ಮೂರನ್ನೂ ಸರಿ ಮಾಡ್ಕೊಳ್ಳಿ.

ಬ್ಯಾಟರಿ 65 ನಂಬರ್ ಗುಂಪಿನದು. 850 ಕೋಲ್ಡ್ ಕ್ರ್ಯಾಂಕಿಂಗ್ ಆಂಪಿಯರ್ (ಚಳಿಯಲ್ಲಿ ಸ್ಟಾರ್ಟ್ ಮಾಡೋಕೆ ಕೊಡೋ ಕರೆಂಟು) ಇರೋದು ಹಾಕಿ, ನನಗೆ 189 ಆಯ್ತು. ಸೊನ್ನೆ ಫ್ಯಾರನ್‌ಹೀಟ್‌ನಲ್ಲಿ ಬ್ಯಾಟರಿಯ ಶಕ್ತಿ ಅರ್ಧಕ್ಕಿಂತ ಕೆಳಗೆ ಹೋಗತ್ತೆ, ಅದೇ ಹೊತ್ತಿಗೆ ಎಂಜಿನ್ ಆಯಿಲ್ ಗಟ್ಟಿಯಾಗಿ ಸ್ಟಾರ್ಟರ್ ಇನ್ನೂ ಹೆಚ್ಚು ಕೇಳತ್ತೆ. ಮೈನಸ್ 25 ಅಂತ ಮುನ್ಸೂಚನೆ ಬಂದ ರಾತ್ರಿ 8 ಎಂಎಂ ಸ್ಪ್ಯಾನರಿನಲ್ಲಿ ಟರ್ಮಿನಲ್ ಬಿಚ್ಚಿ, ನೆಗೆಟಿವ್ ಮೊದಲು, ಬ್ಯಾಟರಿ ಒಳಗೆ ತಂದಿಡಿ. ಹದಿನೆಂಟು ಇಪ್ಪತ್ತು ಕೆಜಿ ಭಾರ, ನೆಟ್ಟಗೇ ಹಿಡಿದು ತನ್ನಿ. ಬೆಳಿಗ್ಗೆ ಹಾಕುವಾಗ ಪಾಸಿಟಿವ್ ಮೊದಲು. ಟರ್ಮಿನಲ್ ಮೇಲಿನ ಬಿಳಿ ಹಿಟ್ಟು ಅಡುಗೆ ಸೋಡಾ ನೀರಿನಲ್ಲಿ ತೊಳೆಯಿರಿ, ಕೇಬಲ್ಲಿನ ಇನ್ನೊಂದು ತುದಿಯನ್ನೂ ನೋಡಿ. ಬ್ಯಾಟರಿ ಹೊಸದಿದ್ರೂ ಅಲ್ಲಿ ತುಕ್ಕಿದ್ರೆ ಸ್ಟಾರ್ಟ್ ಆಗಲ್ಲ.

ಆಯಿಲ್ 5ಡಬ್ಲ್ಯೂ-20 ಪೂರ್ತಿ ಸಿಂಥೆಟಿಕ್, ಫಿಲ್ಟರ್ ಸೇರಿ 6 ಕ್ವಾರ್ಟ್. ಕೂಲೆಂಟ್ ಅರ್ಧಕ್ಕರ್ಧ ಇದ್ರೆ ಮೈನಸ್ 34 ಫ್ಯಾರನ್‌ಹೀಟ್ ತನಕ ಹೆಪ್ಪುಗಟ್ಟಲ್ಲ. ಹಿಂದಿನವರು ಬರೀ ನೀರು ಸುರಿದಿರಬಹುದು, ರಿಫ್ರ್ಯಾಕ್ಟೋಮೀಟರಿನಲ್ಲಿ (ಕೂಲೆಂಟಿನ ಸಾಂದ್ರತೆ ತೋರಿಸೋ ಉಪಕರಣ) ಒಂದು ಹನಿ ಹಾಕಿ ನೋಡಿ. ನೀರೇ ಸೇರಿಸದ ಕೂಲೆಂಟ್ ತುಂಬಿದ್ರೆ ಇನ್ನೂ ಒಳ್ಳೇದು ಅನ್ನೋದು ತಪ್ಪು, ಅದು ಅರ್ಧಕ್ಕರ್ಧದ್ದಕ್ಕಿಂತ ಬೇಗ ಹೆಪ್ಪುಗಟ್ಟತ್ತೆ. ಇದೇ ಎಂಜಿನ್ನಿನ 1996ರಿಂದ 2001ರ ಗಾಡಿಗಳಲ್ಲಿ ಪ್ಲಾಸ್ಟಿಕ್ ಇನ್‌ಟೇಕ್ ಮ್ಯಾನಿಫೋಲ್ಡ್ ಮುಂದೆ ಸೀಳೋ ಸಮಸ್ಯೆ ಇತ್ತು. ನಿಮ್ಮದರಲ್ಲಿ ಆ ಭಾಗ ಅಲ್ಯೂಮಿನಿಯಂ, ಹೆದರಬೇಡಿ.

ಆಟೋಮ್ಯಾಟಿಕ್ ಎಸಿ ಇರೋ ಗಾಡಿಯಾದ್ರೆ, ಹೀಟರ್ ಹಾಕಿದಾಗ ಗಾಳಿ ಕಾಲಿಗೆ ಬರದೆ ಗಾಜಿಗೆ ಮಾತ್ರ ಬರ್ತಿದೆಯಾ ನೋಡಿ. ಕಂಟ್ರೋಲ್ ಪೆಟ್ಟಿಗೆಯ ಹಿಂದಿನ ಸೊಲೆನಾಯ್ಡಿನಲ್ಲಿ (ಕರೆಂಟಿನಿಂದ ತೆರೆಯೋ ವಾಲ್ವು) ಸಣ್ಣ ಓ-ರಿಂಗ್, ಅಂದ್ರೆ ರಬ್ಬರ್ ಉಂಗುರಗಳಿವೆ, ಒಣಗಿ ಸಣ್ಣಗಾದ್ರೆ ವ್ಯಾಕ್ಯೂಮ್ ಸೋರತ್ತೆ. ವ್ಯಾಕ್ಯೂಮ್ ಇಲ್ಲದಾಗ ಗಾಳಿ ಗಾಜಿಗೇ ಹೋಗೋ ಹಾಗೆ ಮಾಡಿರೋದು. 5 ಡಾಲರ್ ರಿಂಗಿಗೆ ವರ್ಕ್‌ಶಾಪಿನಲ್ಲಿ ಇಡೀ ಪೆಟ್ಟಿಗೆ ಬದಲಾಯಿಸಿ 450 ಕೇಳಿದ್ರು. ಹಿಂದೆ ಏರ್ ಸಸ್ಪೆನ್ಷನ್ ಇದ್ರೆ ಜಾಕ್ ಹಾಕೋ ಮುಂಚೆ ಡಿಕ್ಕಿಯ ಸ್ವಿಚ್ ಆಫ್ ಮಾಡಿ.

ಗ್ರ್ಯಾಂಡ್ ರ್ಯಾಪಿಡ್ಸ್

ಫಾರ್ಗೊದವರೇ, ನನ್ನ ರಾಕರ್ ಪ್ಯಾನೆಲ್ ಬಂದು ತಟ್ಟಿ ನೋಡಿ. ಹದಿನೈದು ದಿನಕ್ಕೊಮ್ಮೆ ಕೆಳಗಿನಿಂದ ನೀರು ಚಿಮ್ಮುವ ವಾಷಿಗೆ ಹೋಗ್ತೇನೆ, ಒಂದು ಸಲಕ್ಕೆ 14 ಡಾಲರ್. ತೊಳೆದ ಗಾಡಿ ಬಿಸಿ ಗ್ಯಾರೇಜಿನಲ್ಲಿ ಒಣಗ್ತದೆ. ನೀವು ಬಯಲಿನಲ್ಲಿ ಮೈನಸ್‌ನಲ್ಲಿ ತೊಳೆದರೆ ಬಾಗಿಲು ಹೆಪ್ಪುಗಟ್ಟಿ ತೆರೆಯುವುದಿಲ್ಲ, ಆದ್ದರಿಂದ ತೊಳೆಯುವುದೇ ಇಲ್ಲ. ಯಾರದ್ದು ಬೇಗ ತಿನ್ನುವುದು?

ಟ್ರಾಯ್

ಇಬ್ಬರದೂ ಖರೆ ಐತಿ. ತೊಳದು ಒಳಗ ಇಟ್ರ ಚಲೋ, ತೊಳೀದೆ ಒಳಗ ಇಟ್ರ ಎಲ್ಲಕ್ಕಿಂತ ಕೆಟ್ಟ. ಬಾಗಿಲ ರಬ್ಬರಿಗೆ ಸಿಲಿಕೋನ್ ಗ್ರೀಸ್ ಹಚ್ರಿ, ಹೆಪ್ಪುಗಟ್ಟಂಗಿಲ್ಲ. ಪ್ರಶ್ನೆ ಕೇಳಿದವ್ರು ಗಾಡಿ ಕೆಳಗ ನೋಡಿದ್ರೋ ಇಲ್ಲೋ?

ಸೇಂಟ್ ಪಾಲ್

ನೋಡಿದೆ ಸರ್. ಜ್ಯಾಕ್ ಸ್ಟ್ಯಾಂಡ್ ಮೇಲೆ ನಿಲ್ಲಿಸಿ ಸ್ಕ್ರೂಡ್ರೈವರ್ ಹಿಡಿಯಿಂದ ಫ್ರೇಮ್ ತಟ್ಟುತ್ತಾ ಹೋದೆ. ಮುಂದೆಲ್ಲ ಠಣ್ ಅಂತ ಗಟ್ಟಿ ಸದ್ದು. ಹಿಂದಿನ ಕಂಟ್ರೋಲ್ ಆರ್ಮ್ ಫ್ರೇಮಿಗೆ ಸೇರೋ ಜಾಗದಲ್ಲಿ ಮೇಲ್ಪದರ ಉದುರಿತು, ತೂತು ಬೀಳಲಿಲ್ಲ. ಬ್ರೇಕ್ ಪೈಪು ಮಾತ್ರ ಹಿಂದಿನ ಎಡ ಚಕ್ರಕ್ಕಿಂತ ಸ್ವಲ್ಪ ಮುಂದೆ, ಕ್ಲಿಪ್ಪಿನ ಹತ್ತಿರ, ಉಗುರಿಗೇ ಪದರ ಎದ್ದು ಬಂತು. ಒಂದು ಕಡೆ ಒದ್ದೆ ಇದೆ. ನೀರೋ ಆಯಿಲ್ಲೋ ಗೊತ್ತಾಗ್ತಿಲ್ಲ. ಟೈರಿಗೆ ಶನಿವಾರ ಅಪಾಯಿಂಟ್‌ಮೆಂಟ್ ತಗೊಂಡಿದ್ದೀನಿ.

ಟ್ರಾಯ್

ಬೆರಳಿಲೆ ತಿಕ್ಕಿ ನೋಡ್ರಿ. ಜಾರಿದ್ರ, ಒಣಗದಿದ್ರ ಬ್ರೇಕ್ ಆಯಿಲ್. ರಿಸರ್ವಾಯರ್ ಮಟ್ಟ ಗೆರಿ ಹಚ್ಚಿ ಇಡ್ರಿ, ನಾಳೆ ನೋಡ್ರಿ. ಶನಿವಾರದ ಅಪಾಯಿಂಟ್‌ಮೆಂಟ್ ಮುಂದ ಹಾಕ್ರಿ. ಆ ಅಂಗಡಿ ತನಕ ಗಾಡಿ ಓಡಿಸಬ್ಯಾಡ್ರಿ.

ಡುಲೂತ್

ಇದರಲ್ಲಿ ಟ್ರಾಯ್‌ನವರು ಹೇಳಿದ್ದೇ ಸರಿ. ಮೊದಲು ಪೈಪು. 25 ಅಡಿ ಸುರುಳಿ ಸಾಕು, ಹಿಂದಿನ ರಬ್ಬರ್ ಹೋಸನ್ನೂ ಅದರ ಜೊತೆಗೇ ಬದಲಾಯಿಸಿ. ಹಳೇ ನಟ್ಟು ಬಿಚ್ಚುವಾಗ ಅದು ಹೇಗೂ ತಿರುಚಿಕೊಳ್ಳತ್ತೆ.