ಠಾಣೆಯಲ್ಲಿ ಹೊಡೆದು ಬಿಟ್ಟಿದ್ದಾರೆ, ಈಗ ಏನು ಮಾಡೋದು?

ಪ್ರಶ್ನೆ (ಮಲ್ಪೆಯಿಂದ):
ವಕೀಲರೇ, ನಮಸ್ಕಾರ. ಬೋಟಿನಲ್ಲಿ ಕೆಲಸ ಮಾಡುವ ನನ್ನ ತಮ್ಮನನ್ನು ಮೊನ್ನೆ ರಾತ್ರಿ ಮಫ್ತಿಯಲ್ಲಿ ಬಂದ ಪೊಲೀಸರು "ಸುಮ್ನೆ ವಿಚಾರಣೆಗೆ" ಅಂತ ಕರೆದುಕೊಂಡು ಹೋದರು. ಕಳ್ಳತನದ ಸಂಶಯವಂತೆ. ನೋಟಿಸ್ ಕೊಡಲಿಲ್ಲ. ಮರುದಿನ ಸಂಜೆ ಬಿಟ್ಟರು. ಅಂಗಾಲು ಊದಿದೆ, ಬೆನ್ನ ಮೇಲೆ ಬಾಸುಂಡೆ. ಕೇಸೇ ಇಲ್ಲ. ಬಿಟ್ಟರಲ್ಲ, ಇನ್ನು ಸುಮ್ಮನಿರಿ ಅಂತಾರೆ ಅಮ್ಮ.

ಉತ್ತರ (ವಕೀಲರು, ಉಡುಪಿ):
ಮೊದಲು ತಮ್ಮನನ್ನು ಅಜ್ಜರಕಾಡಿನ ಜಿಲ್ಲಾ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ದೂರು ಆಮೇಲೆ ಬರೆಯೋಣ. ಬಾಸುಂಡೆ ಬೇಗ ಮಾಯುತ್ತದೆ, ಅದರ ಜೊತೆ ಸಾಕ್ಷಿಯೂ ಹೋಗುತ್ತದೆ. ಡಾಕ್ಟರ ಹತ್ತಿರ "ಬಿದ್ದೆ" ಅನ್ನಬೇಡಿ. ಪೊಲೀಸರು ಹೊಡೆದರು ಅಂತಲೇ ಹೇಳಿ ಎಂಎಲ್‌ಸಿ (ಕೇಸಿಗೆ ಬೇಕಾಗುವ ಗಾಯದ ಆಸ್ಪತ್ರೆ ದಾಖಲೆ) ಮಾಡಿಸಿ. ಗಾಯದ ಫೋಟೊ ತೆಗೆದಿಡಿ.

ನೋಟಿಸ್ ಇಲ್ಲದೆ ಹಿಡಿದು ರಾತ್ರಿಯಿಡೀ ಕೂರಿಸಿಕೊಳ್ಳುವುದೇ ಕಾನೂನಿಗೆ ವಿರುದ್ಧ. ಬಂಧಿಸುವುದಾದರೆ ಮೆಮೊ ಬರೆಯಬೇಕು, ಅದಕ್ಕೆ ಸಾಕ್ಷಿಯ ಸಹಿ ಬೇಕು, ಮನೆಯವರಿಗೆ ತಿಳಿಸಬೇಕು. 1996ರಲ್ಲಿ ಡಿ.ಕೆ. ಬಸು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದಿದು, ಈಗ ಹಳೆಯ ಸಿಆರ್‌ಪಿಸಿ ಬದಲಿಗೆ ಬಂದಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲೂ ಇದೆ.

ಇನ್ನು ಸಿಸಿಟಿವಿ. 2020ರಲ್ಲಿ ಪರಮವೀರ್ ಸಿಂಗ್ ಸೈನಿ ಪ್ರಕರಣದ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್, ಎಲ್ಲ ಠಾಣೆಗಳಲ್ಲೂ ಲಾಕಪ್, ಕಾರಿಡಾರ್ ಕಾಣುವಂತೆ ಕ್ಯಾಮೆರಾ ಇರಬೇಕು, ದೃಶ್ಯಗಳನ್ನು 18 ತಿಂಗಳು ಇಡಬೇಕು ಅಂದಿದೆ. ನಾವು ಕೇಳಿದಾಗ ಮಾತ್ರ ಕ್ಯಾಮೆರಾ ಕೆಟ್ಟಿರುತ್ತದೆ, ಅದು ಬೇರೆ ಮಾತು! ಅದಕ್ಕೇ ತಡ ಮಾಡಬೇಡಿ. ತಾರೀಕು, ಸಮಯ ಬರೆದು, ಆ ದೃಶ್ಯ ಅಳಿಸದೆ ಇಡಿ ಅಂತ ಎಸ್‌ಪಿಗೆ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ. ಒಂದು ಪ್ರತಿ ರಾಜ್ಯ ಮಾನವ ಹಕ್ಕುಗಳ ಆಯೋಗಕ್ಕೂ ಹೋಗಲಿ.

ಪೊಲೀಸರ ಮೇಲೆ ಕ್ರಿಮಿನಲ್ ಕೇಸ್ ನಡೆಸುವುದು ಸುಲಭ ಅಂತ ಸುಳ್ಳು ಹೇಳಲಾರೆ. ಸರ್ಕಾರದ ಅನುಮತಿ ಬೇಕು ಎಂಬ ತಕರಾರು ಬಂದೇ ಬರುತ್ತದೆ. ಕಾಗದಪತ್ರ ಗಟ್ಟಿಯಿದ್ದರೆ ಮಾತ್ರ ಅದನ್ನು ದಾಟಬಹುದು.

ಇನ್ನೊಬ್ಬರು (ಉಳ್ಳಾಲ):
ಎಲ್ಲರೂ ಸೇರಿ ಠಾಣೆಗೆ ಹೋಗಿ ಕೇಳಿದರೆ ಆಗದಾ ಸಾರ್?

ಉತ್ತರ:
ಹೋಗಿ, ಆದರೆ ನೂರು ಜನ ಬೇಡ ಮಾರಾಯ್ರೆ. ನಾಲ್ಕೈದು ಹಿರಿಯರು, ಹೆಂಗಸರು, ಒಬ್ಬ ವಕೀಲ ಸಾಕು. ಗದ್ದಲವಾದರೆ ಕರ್ತವ್ಯಕ್ಕೆ ಅಡ್ಡಿ ಅಂತ ನಿಮ್ಮ ಮೇಲೆಯೇ ಕೇಸ್ ಬೀಳುತ್ತದೆ.

2019ರ ಡಿಸೆಂಬರ್ 19 ನಿಮಗೆ ನೆನಪಿರಬೇಕು. ಪೌರತ್ವ ತಿದ್ದುಪಡಿ ಕಾಯ್ದೆ ವಿರುದ್ಧದ ಪ್ರತಿಭಟನೆ ವೇಳೆ ಮಂಗಳೂರಿನಲ್ಲಿ ಪೊಲೀಸರ ಗೋಲಿಬಾರಿಗೆ ಇಬ್ಬರು ಸತ್ತರು. ಸರ್ಕಾರ ಮ್ಯಾಜಿಸ್ಟೀರಿಯಲ್ ತನಿಖೆಗೆ ಹೇಳಿತು. ಜನ ಅದಕ್ಕೇ ಕಾಯುತ್ತ ಕೂರಲಿಲ್ಲ. 2020ರ ಜನವರಿಯಲ್ಲಿ ನಿವೃತ್ತ ನ್ಯಾಯಮೂರ್ತಿ ವಿ. ಗೋಪಾಲ ಗೌಡರ ನೇತೃತ್ವದ ತಂಡ ಮಂಗಳೂರಿಗೇ ಬಂದು ಜನರ ಹೇಳಿಕೆ ಕೇಳಿತು. ಇಂಥ ತಂಡಕ್ಕೆ ಶಿಕ್ಷೆ ಕೊಡುವ ಅಧಿಕಾರ ಇಲ್ಲ, ನಿಜ. ಆದರೆ ಕಂಡವರ ಮಾತು ಪೊಲೀಸ್ ಕಡತದ ಹೊರಗೂ ದಾಖಲಾಗುತ್ತದೆ. ನಿಮ್ಮ ಕೇರಿಯಲ್ಲೂ ಅಷ್ಟು ಮಾಡಬಹುದು. ಆ ರಾತ್ರಿ ಕಂಡವರು ಯಾರು, ಯಾವ ಗಾಡಿ, ಎಷ್ಟು ಹೊತ್ತಿಗೆ, ಎಲ್ಲ ಬರೆಸಿ ಸಹಿ ಹಾಕಿಸಿ.

ಪ್ರಶ್ನೆ ಕೇಳಿದವರು:
ಅಮ್ಮನಿಗೆ ತೋರಿಸಿದೆ. ಆಸ್ಪತ್ರೆಗೆ ಹೊರಟಿದ್ದೇವೆ. ವಕೀಲರ ಫೀಸು ಕೊಡುವಷ್ಟು ಶಕ್ತಿ ಇಲ್ಲ.

ಉತ್ತರ:
ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಹೋಗಿ. ಹೆಂಗಸರಿಗೆ, ಪರಿಶಿಷ್ಟರಿಗೆ, ಕಸ್ಟಡಿಯಲ್ಲಿರುವವರಿಗೆ, ಇನ್ನೂ ಕೆಲವರಿಗೆ ಆದಾಯ ನೋಡದೆ ಉಚಿತವಾಗಿ ವಕೀಲರನ್ನು ಕೊಡುತ್ತಾರೆ. ಉಳಿದವರಿಗೆ ಆದಾಯದ ಮಿತಿ ಇದೆ. ಫೋನ್ 15100. ಎಂಎಲ್‌ಸಿ ನಂಬರ್ ಬರೆದುಕೊಳ್ಳದೆ ಆಸ್ಪತ್ರೆಯಿಂದ ಹೊರಡಬೇಡಿ.