1935ರ ಜುಬಿಲಿ ಕ್ರೌನ್: ಬೆಳ್ಳಿ ಅರ್ಧವೇ ಇದೆ ಅಂತಾರೆ, ನಕಲಿಯಾ?

ದಾವಣಗೆರೆಯಿಂದ:
ಐದನೇ ಜಾರ್ಜ್ ದೊರೆಯ ಬೆಳ್ಳಿಹಬ್ಬದ ಕ್ರೌನ್, ಅಂದರೆ ಬ್ರಿಟನ್ನಿನ ಐದು ಶಿಲಿಂಗ್ ನಾಣ್ಯ ಒಂದಿದೆ. ಇಲ್ಲಿನ ಒಂದು ಬೆಳ್ಳಿ ಅಂಗಡಿಯಲ್ಲಿ ಮಷಿನ್‌ಗೆ ಇಟ್ಟು ನೋಡಿ, "ಅರ್ಧದಷ್ಟೇ ಬೆಳ್ಳಿ, ಡೂಪ್ಲಿಕೇಟ್" ಅಂದರು. ಕರಗಿಸುವ ರೇಟು ಕೊಡ್ತೀವಿ ಅಂತ ಬೇರೆ! ತೂಕ 28.2 ಗ್ರಾಂ. ನಾಣ್ಯದ ಹಿಂಬದಿಯಲ್ಲಿರುವ ಕುದುರೆ ಮೇಲಿನ ಸಂತನೂ ಆಟಿಕೆ ತರ ಕಾಣುತ್ತಾನೆ. ಎರಕ ಹೊಯ್ದದ್ದಾ?

ಚಿತ್ರದುರ್ಗದಿಂದ:
ಗಾಬರಿ ಬೇಡ ಸರ್, ಅರ್ಧವೇ ಇರಬೇಕು. ಬೆಳ್ಳಿ ಬೆಲೆ ಏರಿದ್ದರಿಂದ ಬ್ರಿಟನ್ 1920ರಲ್ಲೇ ತನ್ನ ನಾಣ್ಯದ ಬೆಳ್ಳಿಯನ್ನು 92.5ರಿಂದ 50 ಪರ್ಸೆಂಟ್‌ಗೆ ಇಳಿಸಿತ್ತು. ಅಂಗಡಿಯವರ ತಲೆಯಲ್ಲಿ ನಮ್ಮ ಹಳೆಯ ಜಾರ್ಜ್ ರೂಪಾಯಿ ಇರಬೇಕು, ಅದರಲ್ಲಿ 91.7 ಇತ್ತು. ಆಟಿಕೆ ಕುದುರೆ ಪರ್ಸಿ ಮೆಟ್‌ಕಾಫ್ ಅವರ ವಿನ್ಯಾಸ. ಸಂಗ್ರಾಹಕರೇ ಇದನ್ನು ರಾಕಿಂಗ್ ಹಾರ್ಸ್ ಕ್ರೌನ್ ಅನ್ನುತ್ತಾರೆ.

ಅಂಚಿನ ಅಕ್ಷರದ ಮೇಲೆ ಉಗುರು ಆಡಿಸಿ. ಒಳಕ್ಕೆ ಇಳಿದಿದ್ದರೆ ಸಾಮಾನ್ಯ ಕ್ರೌನ್. ಉಬ್ಬಿದ ಅಕ್ಷರದ್ದು 92.5 ಬೆಳ್ಳಿಯ ವಿಶೇಷ ಪ್ರತಿ, 2,500 ಮಾತ್ರ ಹೊಡೆದದ್ದು. ಅದು ಸಿಕ್ಕಿದರೆ ನನಗೇ ಮೊದಲು ಹೇಳಿ!

ದಾವಣಗೆರೆಯಿಂದ:
ಒಳಕ್ಕೇ ಇಳಿದಿದೆ ಅಣ್ಣಾ. ಆದರೂ ಒರೆಗಲ್ಲಿಗೆ ಉಜ್ಜಿಸಿ ನೋಡ್ಲಾ?

ಚಿತ್ರದುರ್ಗದಿಂದ:
ಬೇಡವೇ ಬೇಡ, ಗೀರು ಬಿದ್ದರೆ ಬೆಲೆ ಹೋಯ್ತು. ಮಷಿನ್ ಓದುವುದೂ ಮೇಲ್ಪದರವನ್ನಷ್ಟೇ. ನೀರಿನ ಪರೀಕ್ಷೆ ಮಾಡಿ. 0.01 ಗ್ರಾಂ ತೋರಿಸುವ ತಕ್ಕಡಿ ಮೇಲೆ ನೀರಿನ ಲೋಟ ಇಟ್ಟು ಸೊನ್ನೆ ಮಾಡಿ. ನಾಣ್ಯವನ್ನು ತೆಳ್ಳನೆ ದಾರಕ್ಕೆ ಕಟ್ಟಿ ಪೂರ್ತಿ ಮುಳುಗಿಸಿ. ತಳಕ್ಕೆ, ಗೋಡೆಗೆ ತಾಗಬಾರದು. ಗುಳ್ಳೆ ಅಂಟಿದ್ದರೆ ಅಲುಗಿಸಿ ಬಿಡಿಸಿ. ಆಗ ಬರುವ ಅಂಕಿಯಿಂದ ನಾಣ್ಯದ ತೂಕವನ್ನು ಭಾಗಿಸಿ, ಲೋಹದ ಸಾಂದ್ರತೆ ಸಿಗುತ್ತದೆ. 9.5ರ ಆಸುಪಾಸು ಬಂದರೆ 50 ಪರ್ಸೆಂಟ್ ಬೆಳ್ಳಿಗೆ ಹೊಂದುತ್ತದೆ. 8.9 ಬಂದರೆ ತಾಮ್ರ-ನಿಕ್ಕಲ್ ಅನ್ನಬಹುದು. ಎಲಿಜಬೆತ್ ರಾಣಿಯ 1977ರ ಜುಬಿಲಿ ಕ್ರೌನ್‌ನಲ್ಲಿ ಇದು ಇನ್ನೂ ಉಪಯೋಗ. ಅದರ ತಾಮ್ರ-ನಿಕ್ಕಲ್ ಪ್ರತಿಯೂ ಬೆಳ್ಳಿ ಪ್ರತಿಯೂ ಎರಡೂ 28.28 ಗ್ರಾಂ, ಸುಮ್ನೆ ತೂಗಿದರೆ ಏನೂ ಗೊತ್ತಾಗಲ್ಲ.

ದಾವಣಗೆರೆಯಿಂದ:
ಲೋಟದಲ್ಲಿ 2.97 ಬಂತು, ಭಾಗಿಸಿದರೆ 9.49. ಕಪ್ಪು ಕಲೆ ಜಾಸ್ತಿ ಇದೆ. ಅಮ್ಮ ಹುಣಸೆಹಣ್ಣು ಹಿಡಿದು ಕಾಯ್ತಿದ್ದಾರೆ.

ಚಿತ್ರದುರ್ಗದಿಂದ:
ಲೆಕ್ಕ ಸರಿ ಇದೆ, ಲೋಹದ ಮಟ್ಟಿಗೆ ಅನುಮಾನ ಬೇಡ. ಹುಣಸೆಹಣ್ಣು ಸಾರಿಗೆ ಹೋಗಲಿ. ಆ ಕಪ್ಪು ಗಾಳಿಯ ಗಂಧಕ ಬೆಳ್ಳಿಗೆ ಹತ್ತಿ ಆದದ್ದು, ನಾಣ್ಯಕ್ಕೆ ಅದರಿಂದ ತೊಂದರೆ ಇಲ್ಲ. ಪಿವಿಸಿ ಕವರ್‌ನಲ್ಲಿ ಮಾತ್ರ ಇಡಬೇಡಿ, ಹಸಿರು ಅಂಟು ಬಿಡುತ್ತದೆ. ಅಂಚಿನ ಫೋಟೋ ಹಾಕಿ, ಸವೆತ ನೋಡಿ ಬೆಲೆ ಮಾತಾಡೋಣ.